ಬ್ರಿಟನ್ನಿನ ಸನ್‌ಬೆಡ್ ಅಂಗಡಿ: ನಿಮಿಷದ ಲೆಕ್ಕದಲ್ಲಿ ಮಾರುವ ಬಿಸಿಲಿನ ವಿಮರ್ಶೆ

ಬ್ರಿಟನ್ನಿನಲ್ಲಿ ಸ್ವಲ್ಪ ದೊಡ್ಡ ಊರಿನ ಪೇಟೆಬೀದಿ ಎಂದರೆ ಅಲ್ಲಿ ಬೆಟ್ಟಿಂಗ್ ಅಂಗಡಿ, ಕ್ಷೌರದಂಗಡಿ, ಕಬಾಬ್ ಅಂಗಡಿಗಳ ನಡುವೆ ಒಂದಾದರೂ ಟ್ಯಾನಿಂಗ್ ಅಂಗಡಿ, ಅಂದರೆ ಮೈಬಣ್ಣ ಕಂದಾಗಿಸುವ ಅಂಗಡಿ, ಕಾಣುತ್ತದೆ. ಒಳಗೆ ಒಂದು ಕೌಂಟರು, ಅದರ ಹಿಂದೆ ಲೋಷನ್ ಬಾಟಲಿಗಳ ಸಾಲು, ಪಕ್ಕದಲ್ಲಿ ನಾಲ್ಕಾರು ಸಣ್ಣ ಕೋಣೆ. ಪ್ರತಿ ಕೋಣೆಯಲ್ಲೂ ಒಂದು ಯಂತ್ರ, ಅದೇ ಸನ್‌ಬೆಡ್. ಕೆಲವು ನಿಂತು ಬಳಸುವಂಥವು, ಕೆಲವು ಮಲಗಿ ಬಳಸುವಂಥವು. ಸುತ್ತಲೂ ಇಲ್ಲವೇ ಮೇಲೆ ಕೆಳಗೆ ಉದ್ದುದ್ದ ಟ್ಯೂಬ್‌ಗಳು. ಲೆಕ್ಕ ನಿಮಿಷದ್ದು. ಸಾಮಾನ್ಯವಾಗಿ ನಿಮಿಷಕ್ಕೆ 50 ಪೆನ್ಸ್‌ನಿಂದ 1 ಪೌಂಡ್ ಆಸುಪಾಸು. 60 ಅಥವಾ 120 ನಿಮಿಷದ ಪ್ಯಾಕೇಜನ್ನು ಒಟ್ಟಿಗೆ ಕೊಂಡರೆ ಅಗ್ಗ.

ಡಿ-ಟ್ಯಾನ್ ಪ್ಯಾಕಿಗೆ ದುಡ್ಡು ಸುರಿಯುವ ಬೆಂಗಳೂರಿನಿಂದ ಹೋದವರಿಗೆ ಇದು ತಮಾಷೆಯಾಗಿ ಕಾಣಬಹುದು. ಆದರೂ ಅಲ್ಲಿ ಓದಲು, ದುಡಿಯಲು ಹೋದ ಕನ್ನಡಿಗರಿಗೂ ಈ ಬಾಗಿಲು ತಳ್ಳಲು ಕಾರಣಗಳು ಸಿಗುತ್ತವೆ. ಚಳಿಗಾಲದಲ್ಲಿ ವಿಟಮಿನ್ ಡಿ ಸಿಗುತ್ತದೆ ಎಂಬ ಮಾತು, ತೊನ್ನಿಗೆ ಒಳ್ಳೆಯದು ಎಂಬ ಸಲಹೆ, ಇಲ್ಲವೇ ರಜೆಗೆ ಮುಂಚೆ ಹೋಗೋಣ ಬಾ ಎಂದು ಕರೆಯುವ ಗೆಳತಿ. ಆದ್ದರಿಂದ ಕೊಟ್ಟ ಹಣಕ್ಕೆ ಅಲ್ಲಿ ಏನು ಸಿಗುತ್ತದೆ ಎಂಬುದನ್ನು ಯಂತ್ರದಿಂದಲೇ ಶುರುಮಾಡಿ ನೋಡೋಣ.

ಸನ್‌ಬೆಡ್‌ನ ಟ್ಯೂಬ್ ನೋಡಲು ಮನೆಯ ಟ್ಯೂಬ್‌ಲೈಟಿನ ಅಣ್ಣತಮ್ಮನೇ. ಒಳಗೆ ಬಳಿದ ಫಾಸ್ಫರ್ ಪುಡಿ ಬೇರೆ, ಹಾಗಾಗಿ ಹೊರಬರುವುದು ಬಿಸಿಲಿನಲ್ಲೂ ಇರುವ ಅತಿನೇರಳೆ (ಯುವಿ) ಕಿರಣ: ಮುಖ್ಯವಾಗಿ ಯುವಿ-ಎ, ಜೊತೆಗೆ ಸ್ವಲ್ಪ ಯುವಿ-ಬಿ. ಈ ಎರಡೂ ಚರ್ಮದ ಮೇಲೆ ಮಾಡುವ ಕೆಲಸ ಬೇರೆ ಬೇರೆ. ಯುವಿ-ಎ ಚರ್ಮದಲ್ಲಿ ಆಗಲೇ ಇರುವ ಮೆಲನಿನ್ ಎಂಬ ಬಣ್ಣದ ವಸ್ತುವನ್ನು ಆಕ್ಸಿಡೈಸ್ ಮಾಡಿ ನಿಮಿಷಗಳಲ್ಲೇ ಕಪ್ಪಗಾಗಿಸುತ್ತದೆ. ಆ ಕಪ್ಪು ಬಹುಮಟ್ಟಿಗೆ ಕೆಲವು ಗಂಟೆಗಳಲ್ಲಿ ಇಳಿದುಹೋಗುತ್ತದೆ. ಹೊಸ ಮೆಲನಿನ್ ತಯಾರಾಗುವುದು ಡಿಎನ್‌ಎಗೆ ಪೆಟ್ಟು ಬಿದ್ದ ಮೇಲೆ, ಅದು ಕಣ್ಣಿಗೆ ಕಾಣುವುದು ಎರಡು ಮೂರು ದಿನದ ನಂತರ. ಅಂದರೆ ಕೋಣೆಯಿಂದ ಹೊರಬಂದು ಅಂಗಡಿಯ ಕನ್ನಡಿಯಲ್ಲಿ ನೋಡಿ ಹಿಗ್ಗುವ ಬಣ್ಣ ಹೆಚ್ಚಿನಂಶ ಹಳೆಯ ಮೆಲನಿನ್‌ನದು. ಬೆಳಗಾಗುವಷ್ಟರಲ್ಲಿ ಅದು ಮಾಸಿರುತ್ತದೆ. ಗಿರಾಕಿ ನಾಳೆಯೇ ಮತ್ತೆ ಬರಬೇಕೆಂದುಕೊಳ್ಳುವುದು ಇದೇ ಕಾರಣಕ್ಕೆ. ಈ ವ್ಯಾಪಾರದ ಗುಟ್ಟೂ ಇದೇ.

ದಿನಾ ಹೋದರೆ ಬೇಗ ಬಣ್ಣ ಬರುತ್ತದೆ ಎಂಬ ನಂಬಿಕೆಯೂ ಸುಳ್ಳು. ಟೆಲ್ ಅವೀವ್ ವಿಶ್ವವಿದ್ಯಾಲಯದ ತಂಡ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಯುವಿಗೆ ಒಡ್ಡಿದ ಚರ್ಮ ಮೊದಲು ರಿಪೇರಿ ಕೆಲಸಕ್ಕೆ ಇಳಿಯುತ್ತದೆ, ಬಣ್ಣ ತಯಾರಿಸುವುದು ಆಮೇಲೆ ಎಂಬುದು ಕಂಡಿತು. ಈ ಸರದಿ ಮುಗಿಯಲು ಸುಮಾರು 48 ಗಂಟೆ ಬೇಕು. ದಿನ ಬಿಟ್ಟು ದಿನ ಕಿರಣ ಬಿದ್ದ ಚರ್ಮಕ್ಕಿಂತ ದಿನವೂ ಬಿದ್ದ ಚರ್ಮಕ್ಕೆ ಬಂದ ಬಣ್ಣ ಕಡಿಮೆ, ಆದ ಹಾನಿ ಹೆಚ್ಚು. ದುಡ್ಡಿನ ಲೆಕ್ಕದಲ್ಲೂ ಇದು ನಷ್ಟದ ಬಾಬತ್ತು.

ಇನ್ನು ಡೋಸ್. ಯುರೋಪಿನ ಮಾನದಂಡದ ಪ್ರಕಾರ ಸನ್‌ಬೆಡ್‌ನ ಚರ್ಮ ಕೆಂಪಾಗಿಸುವ ಶಕ್ತಿ ಚದರ ಮೀಟರಿಗೆ 0.3 ವ್ಯಾಟ್ ಮೀರಬಾರದು. ಇದು ಬಿಸಿಲಿನ ಯುವಿ ತೀವ್ರತೆ ಅಳೆಯುವ ಯುವಿ ಸೂಚ್ಯಂಕದಲ್ಲಿ 12ಕ್ಕೆ ಸಮ. ಮಾರ್ಚ್-ಏಪ್ರಿಲ್‌ನಲ್ಲಿ ಮೋಡವಿಲ್ಲದ ದಿನ ನಡುಮಧ್ಯಾಹ್ನ ಬೆಂಗಳೂರಿನಲ್ಲಿ ಬೀಳುವ ಬಿಸಿಲು ಈ ಮಟ್ಟ ಮುಟ್ಟುವುದುಂಟು. ಮಿತಿ ಇಷ್ಟು ಧಾರಾಳವಾಗಿದ್ದರೂ ಪಾಲನೆ ಹೇಗಿದೆ? ಇಂಗ್ಲೆಂಡಿನಲ್ಲಿ ಸುಮಾರು 400 ಯಂತ್ರಗಳನ್ನು ಅಳೆದು 2013ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಹತ್ತಕ್ಕೆ ಒಂಬತ್ತು ಮಿತಿ ಮೀರಿದ್ದವು, ಸರಾಸರಿ 0.56 ವ್ಯಾಟ್ ಇತ್ತು. ಇದನ್ನು ನಿಮಿಷಕ್ಕೆ ಇಳಿಸಿ ನೋಡಿ. ಚರ್ಮತಜ್ಞರು ಬಳಸುವ ಅಳತೆ ಚದರ ಮೀಟರಿಗೆ 100 ಜೂಲ್. ಅದನ್ನು ಒಂದು ಡೋಸ್ ಎನ್ನೋಣ. ಮಿತಿಯೊಳಗಿನ ಯಂತ್ರದಲ್ಲಿ ಒಂದು ಡೋಸಿಗೆ ಐದೂವರೆ ನಿಮಿಷ, 0.56ರ ಯಂತ್ರದಲ್ಲಿ ಮೂರೇ ನಿಮಿಷ. ಬಿಸಿಲಿಗೆ ಸುಲಭವಾಗಿ ಸುಡುವ ಬಿಳಿ ಚರ್ಮ ಸುಮಾರು ಎರಡು ಡೋಸಿಗೆ ಕೆಂಪಾಗುತ್ತದೆ. ಆ ಲೆಕ್ಕದಲ್ಲಿ 0.56ರ ಯಂತ್ರದಲ್ಲಿ 12 ನಿಮಿಷದ ಒಂದು ಸೆಷನ್ ಎಂದರೆ ನಾಲ್ಕು ಡೋಸ್, ತಡೆಯುವ ಶಕ್ತಿಯ ಎರಡು ಪಟ್ಟು.

ಒಳಗಿರುವಾಗ ಇದು ಗೊತ್ತೇ ಆಗುವುದಿಲ್ಲ. ಫ್ಯಾನ್ ತಂಪು ಗಾಳಿ ಬೀಸುತ್ತಿರುತ್ತದೆ, ಹಾಡು ಬರುತ್ತಿರುತ್ತದೆ. ಯುವಿ ಸುಟ್ಟ ಕೆಂಪು ಮೇಲೇಳುವುದು ನಾಲ್ಕರಿಂದ ಆರು ಗಂಟೆ ಕಳೆದ ಮೇಲೆ, ಜಾಸ್ತಿಯಾಗುವುದು 12ರಿಂದ 24 ಗಂಟೆಯೊಳಗೆ. ಬಿಸಿ ಹತ್ತಿದರೆ ಹೊರಗೆ ಬಂದುಬಿಡುತ್ತೇನೆ ಎಂಬ ಲೆಕ್ಕಾಚಾರ ಇಲ್ಲಿ ನಡೆಯದು. ಟ್ಯೂಬ್ ಬದಲಾಯಿಸಿದ ವಾರವಂತೂ ಅಪಾಯ ಹೆಚ್ಚು. ನೂರಾರು ಗಂಟೆ ಉರಿದ ಟ್ಯೂಬಿನ ಶಕ್ತಿ ಇಳಿದಿರುತ್ತದೆ, ಗಿರಾಕಿ ಅದಕ್ಕೆ ಹೊಂದಿಕೊಂಡು ಒಂಬತ್ತು ಹತ್ತು ನಿಮಿಷ ತೆಗೆದುಕೊಳ್ಳುತ್ತಿರುತ್ತಾರೆ. ಹೊಸ ಟ್ಯೂಬ್ ಹಾಕಿದ ದಿನ ಅದೇ ಹತ್ತು ನಿಮಿಷಕ್ಕೆ ಬೆನ್ನು ಸುಟ್ಟುಹೋಗುತ್ತದೆ. ಅಂಗಡಿಗಳೋ ‘ಹೊಸ ಟ್ಯೂಬ್ ಹಾಕಿದ್ದೇವೆ’ ಎಂದು ಬಾಗಿಲಿಗೇ ಬೋರ್ಡು ತಗುಲಿಸುತ್ತವೆ, ಜಾಹೀರಾತಾಗಿ!

ಕೌಂಟರಿನಲ್ಲಿ ಒಂದು ಫಾರಂ ತುಂಬಿಸುತ್ತಾರೆ. ಕೂದಲಿನ ಬಣ್ಣ, ಕಣ್ಣಿನ ಬಣ್ಣ, ಬಿಸಿಲಿಗೆ ಸುಡುತ್ತದೆಯೇ ಕಪ್ಪಾಗುತ್ತದೆಯೇ ಎಂದು ಕೇಳಿ ಚರ್ಮವನ್ನು ಆರು ಬಗೆಗಳಲ್ಲಿ ಒಂದಕ್ಕೆ ಸೇರಿಸುವುದು ಕ್ರಮ. ಮೊದಲ ಬಗೆಯವರನ್ನು, ಅಂದರೆ ಸುಡುವುದಷ್ಟೇ ಹೊರತು ಎಂದೂ ಕಪ್ಪಾಗದವರನ್ನು, ವಾಪಸು ಕಳಿಸಬೇಕು. ಫಾರಮಿನಲ್ಲಿ ಔಷಧಿಯ ಪ್ರಶ್ನೆ ಇದೆಯೇ ನೋಡಿ. ಮೊಡವೆಗೆ ಕೊಡುವ ಡಾಕ್ಸಿಸೈಕ್ಲಿನ್ ಮತ್ತು ಐಸೊಟ್ರೆಟಿನಾಯಿನ್, ಬಿಪಿಗೆ ಕೊಡುವ ಹೈಡ್ರೋಕ್ಲೋರೋಥಯಾಜೈಡ್, ಹೃದಯದ ಲಯಕ್ಕೆ ಕೊಡುವ ಅಮಿಯೊಡರೋನ್, ಇವು ಯಾವುದನ್ನು ತೆಗೆದುಕೊಳ್ಳುತ್ತಿದ್ದರೂ ಚರ್ಮ ಬಹಳ ಬೇಗ ಸುಡುತ್ತದೆ. ಇದನ್ನು ಕೇಳದೆ ಟೋಕನ್ ಕೊಡುವ ಅಂಗಡಿಯನ್ನು ಅಲ್ಲಿಗೇ ಬಿಡಬಹುದು.

ಯುವಿ ತಡೆಯುವ ಕನ್ನಡಕ ಇನ್ನೊಂದು ಪರೀಕ್ಷೆ. ಕಣ್ಣು ಮುಚ್ಚಿಕೊಂಡರೆ ಸಾಕು ಎಂದು ಕೆಲವು ಸಿಬ್ಬಂದಿಯೇ ಹೇಳುತ್ತಾರೆ. ಸಾಲದು, ರೆಪ್ಪೆಯ ತೆಳು ಚರ್ಮ ಯುವಿಯನ್ನು ಪೂರ್ತಿ ತಡೆಯುವುದಿಲ್ಲ. ಅಂದಿನ ಮಟ್ಟಿಗೆ ಕಾರ್ನಿಯಾ ಸುಟ್ಟು ಮರಳು ಹೊಕ್ಕ ಹಾಗೆ ಉರಿ, ವರ್ಷಗಟ್ಟಲೆ ಮಾಡಿದರೆ ಪೊರೆ. ಕಣ್ಣಿನ ಸುತ್ತ ಬಿಳಿ ಗುರುತು ಉಳಿಯುತ್ತದೆಂದು ಕನ್ನಡಕ ಹಾಕದವರೂ ಇದ್ದಾರೆ.

ಲೋಷನ್ನುಗಳ ಸಾಲಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ವೇಗವರ್ಧಕ’ ಎಂದು ಮಾರುವ ಟೈರೋಸಿನ್ ಲೋಷನ್ ಮೇಲಿಂದ ಹಚ್ಚಿದರೆ ಬಣ್ಣ ಹೆಚ್ಚುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ. ‘ಟಿಂಗಲ್’ ಎಂಬ ಬಗೆಯಲ್ಲಿ ಇರುವುದು ನಿಕೋಟಿನೇಟ್. ಅದು ರಕ್ತನಾಳ ಹಿಗ್ಗಿಸಿ ಚರ್ಮ ಕೆಂಪಾಗಿಸುತ್ತದೆ, ಉರಿಸುತ್ತದೆ, ಅಷ್ಟೇ. ಆ ಕೆಂಪಿನಡಿ ನಿಜವಾದ ಸುಟ್ಟ ಕೆಂಪು ಮುಚ್ಚಿಹೋಗುತ್ತದೆ ಎಂಬುದೇ ತೊಂದರೆ.

ಅಂಗಡಿಯವರು ಎಲ್ಲಕ್ಕಿಂತ ಜೋರಾಗಿ ಮಾರುವ ಮಾತು ‘ಬೇಸ್ ಟ್ಯಾನ್’. ಸ್ಪೇನಿನ ಬೀಚಿಗೆ ಹೋಗುವ ಮುಂಚೆ ಸ್ವಲ್ಪ ಬಣ್ಣ ಬರಿಸಿಕೊಂಡರೆ ಅಲ್ಲಿ ಸುಡುವುದಿಲ್ಲವಂತೆ. ಟ್ಯಾನ್ ಆದ ಚರ್ಮ ಕೊಡುವ ರಕ್ಷಣೆ ಎಸ್‌ಪಿಎಫ್ 3-4ರಷ್ಟು. ಯುವಿ-ಎ ಕೊಟ್ಟ ದಿಢೀರ್ ಬಣ್ಣಕ್ಕೆ ಅದೂ ಇಲ್ಲ. ಔಷಧದಂಗಡಿಯ ಎಸ್‌ಪಿಎಫ್ 30 ಸನ್‌ಸ್ಕ್ರೀನ್ ಮುಂದೆ ಇದು ಲೆಕ್ಕಕ್ಕೇ ಬರುವುದಿಲ್ಲ.

ಈ ಸೇವೆಯ ನಿಜವಾದ ದೋಷ ಮಾತ್ರ ಇದ್ಯಾವುದೂ ಅಲ್ಲ. ಒಬ್ಬರ ಚರ್ಮ ಎಷ್ಟು ಕಪ್ಪಾಗಬಹುದು ಎಂಬುದಕ್ಕೆ ಹುಟ್ಟಿನಿಂದ ಬಂದ ಒಂದು ಮಿತಿಯಿದೆ. ಕೆಲವು ವಾರಗಳಲ್ಲಿ ಆ ಮಿತಿ ಮುಟ್ಟಿದ ಮೇಲೆ ಕೊಡುವ ಪ್ರತಿ ಪೌಂಡಿಗೂ ಸಿಗುವುದು ಹಾನಿ ಮಾತ್ರ. ಬಣ್ಣಕ್ಕಾಗಿಯೇ ಹೋಗುವವರು ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸದವರು ಬಹಳ ಮಂದಿ. ಯಾಕೆ?

ಅಮೆರಿಕದ ಉತ್ತರ ಕ್ಯಾರೊಲಿನಾದ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದ ಸಂಶೋಧಕರು 2004ರಲ್ಲಿ ಒಂದು ಸರಳ ಪ್ರಯೋಗ ಮಾಡಿದರು. ನೋಡಲು ಒಂದೇ ಥರದ ಎರಡು ಸನ್‌ಬೆಡ್; ಒಂದರಲ್ಲಿ ಯುವಿಯನ್ನು ಫಿಲ್ಟರ್ ಹಾಕಿ ತಡೆದಿದ್ದರು. ಯಾವುದು ಯಾವುದೆಂದು ತಿಳಿಸದೆ ಎರಡನ್ನೂ ಬಳಸಲು ಕೊಟ್ಟು, ಆಮೇಲೆ ಬೇಕಾದ್ದನ್ನು ಆರಿಸಿಕೊಳ್ಳಿ ಎಂದಾಗ, ಪದೇಪದೇ ಟ್ಯಾನ್ ಮಾಡುವವರು ಹೆಚ್ಚೂಕಡಿಮೆ ಪ್ರತಿ ಸಲವೂ ಯುವಿ ಇದ್ದದ್ದನ್ನೇ ಆರಿಸಿದರು. ಅದೇ ಗುಂಪು 2006ರಲ್ಲಿ ಅಫೀಮಿನ ಬಗೆಯ ವಸ್ತುಗಳ ಪರಿಣಾಮ ತಡೆಯುವ ನಾಲ್ಟ್ರೆಕ್ಸೋನ್ ಮಾತ್ರೆ ಕೊಟ್ಟು ನೋಡಿತು. ಪದೇಪದೇ ಟ್ಯಾನ್ ಮಾಡುವ ಎಂಟು ಜನರಲ್ಲಿ ನಾಲ್ವರಿಗೆ ಓಕರಿಕೆ, ನಡುಕ ಬಂತು; ಅಪರೂಪಕ್ಕೆ ಮಾಡುವವರಲ್ಲಿ ಒಬ್ಬರಿಗೂ ಬರಲಿಲ್ಲ. ಸಣ್ಣ ಪ್ರಯೋಗ, ನಿಜ. ಆದರೆ 2014ರಲ್ಲಿ ಹಾರ್ವರ್ಡ್‌ನ ತಂಡ ಇಲಿಗಳಲ್ಲಿ ಇದರ ದಾರಿಯನ್ನೇ ತೋರಿಸಿತು. ಯುವಿ ಬಿದ್ದ ಚರ್ಮದ ಕೋಶಗಳು ಬಣ್ಣಕ್ಕೆ ಬೇಕಾದ ಹಾರ್ಮೋನನ್ನು ತಯಾರಿಸುವಾಗ ಅದೇ ಮೂಲ ಪ್ರೋಟೀನಿನಿಂದ ಬೀಟಾ-ಎಂಡಾರ್ಫಿನ್ ಕೂಡ ಹುಟ್ಟುತ್ತದೆ. ಅದು ದೇಹ ತಾನೇ ತಯಾರಿಸುವ ಅಫೀಮು. ವಾರಗಟ್ಟಲೆ ಯುವಿ ಕೊಟ್ಟ ಇಲಿಗಳಿಗೆ ತಡೆಮದ್ದು ಚುಚ್ಚಿದಾಗ, ಚಟ ಬಿಡಿಸುವಾಗ ಕಾಣುವ ನಡುಕ, ಹಲ್ಲು ಕಟಕಟ ಎಲ್ಲವೂ ಕಂಡವು.

ಅಂದರೆ ಬಣ್ಣದ ಆಸೆಯ ಅಡಿಯಲ್ಲಿ ಹಾಯೆನಿಸುವ ಆಸೆಯೊಂದು ಕೂತಿರುತ್ತದೆ. ಇದನ್ನು ಗುರುತಿಸಲು ವೈದ್ಯರು ಕುಡಿತಕ್ಕೆ ಬಳಸುವ ನಾಲ್ಕು ಪ್ರಶ್ನೆಗಳನ್ನೇ ತುಸು ಬದಲಿಸಿ ಕೇಳುತ್ತಾರೆ. ಕಡಿಮೆ ಮಾಡಬೇಕು ಅನ್ನಿಸಿದೆಯೇ, ಬೇರೆಯವರು ಆಕ್ಷೇಪಿಸಿದರೆ ಸಿಟ್ಟು ಬರುತ್ತದೆಯೇ, ಮಾಡಿದ್ದಕ್ಕೆ ಅಳುಕು ಇದೆಯೇ, ಬೆಳಗ್ಗೆ ಎದ್ದೊಡನೆ ಅದೇ ಯೋಚನೆಯೇ. ಎರಡಕ್ಕೆ ಹೌದು ಎಂದರೆ ವಿಚಾರಿಸಬೇಕಾದ ವಿಷಯ. ಕೌಂಟರಿನಲ್ಲಿ ನಿಂತರೆ ಇನ್ನೂ ಸುಲಭದ ಗುರುತುಗಳು ಸಿಗುತ್ತವೆ. ಒಂದು ಅಂಗಡಿಯಲ್ಲಿ ‘ಇವತ್ತಾಯಿತಲ್ಲ, ನಾಳೆ ಬನ್ನಿ’ ಎಂದರೆ ಪಕ್ಕದ ಬೀದಿಯ ಇನ್ನೊಂದಕ್ಕೆ ಹೋಗುವುದು. ನೋಡುವವರಿಗೆ ಕಂದುಗೆಂಪಾಗಿ ಕಾಣುವ ಮೈಯನ್ನು ‘ಬಿಳಿಚಿಕೊಂಡಿದೆ’ ಎನ್ನುವುದು. ಚರ್ಮದ ಕ್ಯಾನ್ಸರ್ ಗಡ್ಡೆ ತೆಗೆಸಿದ ಹೊಲಿಗೆ ಬಿಚ್ಚುವ ಮುಂಚೆಯೇ ಮತ್ತೆ ಬುಕ್ ಮಾಡುವುದು. ತನ್ನ ಬಣ್ಣದ ಬಗ್ಗೆ ಕಣ್ಣೇ ಸುಳ್ಳು ಹೇಳುವ ಈ ಹಂತದಲ್ಲಿ ಕ್ಯಾನ್ಸರಿನ ಅಂಕಿಅಂಶ ಹೇಳಿ ಪ್ರಯೋಜನವಿಲ್ಲ. ಫ್ಯಾಮಿಲಿ ಡಾಕ್ಟರ ಮೂಲಕ ಸಿಗುವ ಸಿಬಿಟಿ ಎಂಬ ಮಾತಿನ ಚಿಕಿತ್ಸೆ, ಮುಖದ ಯುವಿ ಫೋಟೋ ತೆಗೆದು ಚರ್ಮದೊಳಗಿನ ಕಲೆಗಳನ್ನು ತೋರಿಸುವುದು, ಬಣ್ಣಕ್ಕೆ ಮೈಗೆ ಹಚ್ಚುವ ಲೋಷನ್ ಬಾಟಲಿಯ ದಾರಿ ಹಿಡಿಸುವುದು, ಇವು ಪ್ರಯತ್ನಿಸಬಹುದಾದವು. ಉಳಿದ ನಿಮಿಷಗಳ ಪ್ಯಾಕೇಜನ್ನು ಮೊದಲು ರದ್ದು ಮಾಡಿಸಬೇಕು. ಕಟ್ಟಿದ ಹಣ ದಂಡವಾಗುತ್ತದೆ ಎಂಬ ನೆಪಕ್ಕೆ ಬಲವಾದ ಎಳೆತವಿದೆ.

ಅಂಕಿಅಂಶ ಬೇಕೆನ್ನುವವರಿಗೆ: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2009ರಲ್ಲಿ ಸನ್‌ಬೆಡ್ಡನ್ನು ಕ್ಯಾನ್ಸರ್ ತರುತ್ತವೆ ಎಂದು ಖಚಿತವಾದ, ತಂಬಾಕು ಇರುವ ಮೊದಲ ಗುಂಪಿಗೇ ಸೇರಿಸಿತು. 35 ವಯಸ್ಸಿಗೆ ಮುಂಚೆ ಶುರುಮಾಡಿದವರಿಗೆ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಬರುವ ಸಾಧ್ಯತೆ ಶೇ. 59ರಷ್ಟು ಹೆಚ್ಚು ಎಂದು 2012ರಲ್ಲಿ ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದ ಲೆಕ್ಕ ಹೇಳಿತು. ಬ್ರೆಜಿಲ್ 2009ರಲ್ಲೇ ನಿಷೇಧಿಸಿತು. ಮೆಲ್ಬರ್ನಿನ ಕ್ಲೇರ್ ಆಲಿವರ್ 2007ರಲ್ಲಿ 26ನೇ ವಯಸ್ಸಿಗೆ ಮೆಲನೋಮಾದಿಂದ ಸಾಯುವ ಮುಂಚೆ ಸೋಲೇರಿಯಂಗಳ (ಅಲ್ಲಿ ಸನ್‌ಬೆಡ್ ಅಂಗಡಿಗಿರುವ ಹೆಸರು) ವಿರುದ್ಧ ಎತ್ತಿದ ದನಿ ಆಸ್ಟ್ರೇಲಿಯಾದ ಕಾನೂನು ಬದಲಿಸಿತು; ಇವತ್ತು ಅಲ್ಲಿನ ರಾಜ್ಯಗಳಲ್ಲಿ ಹಣ ತೆಗೆದುಕೊಂಡು ಸನ್‌ಬೆಡ್ ನಡೆಸುವಂತಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನ 2010ರ ಕಾಯ್ದೆ 18ರ ಒಳಗಿನವರಿಗೆ ಬಾಗಿಲು ಮುಚ್ಚಿದೆ. ಜರ್ಮನಿಯಲ್ಲೂ 18ರ ಗೆರೆ ಇದೆ, ಜೊತೆಗೆ ತರಬೇತಾದ ಸಿಬ್ಬಂದಿ, 0.3ರ ಮಿತಿ ಎರಡೂ ಅಲ್ಲಿ ಕಾನೂನೇ.

ನಮ್ಮವರ ಮಾತಿಗೆ ಬಂದರೆ, ಕನ್ನಡಿಗರ ಚರ್ಮ ಹೆಚ್ಚಾಗಿ ನಾಲ್ಕನೇ, ಐದನೇ ಬಗೆಯದು. ಬೇಗ ಸುಡುವುದಿಲ್ಲ. ಆದರೆ ಯುವಿ-ಎಗೆ ಕೆನ್ನೆ, ಹಣೆ, ಮೇಲ್ತುಟಿಯ ಮೇಲೆ ಬಂಗು ಏಳುವುದು ಈ ಚರ್ಮದಲ್ಲೇ ಹೆಚ್ಚು, ಹೋಗಿಸಲು ತಿಂಗಳುಗಟ್ಟಲೆ ಬೇಕು. ವಿಟಮಿನ್ ಡಿ ತಯಾರಾಗುವುದು ಯುವಿ-ಬಿಯಿಂದ, ಸನ್‌ಬೆಡ್ ಹೆಚ್ಚಾಗಿ ಕೊಡುವುದು ಯುವಿ-ಎ. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯೇ ದಿನಕ್ಕೆ 10 ಮೈಕ್ರೋಗ್ರಾಂ, ಅಂದರೆ 400 ಯೂನಿಟ್ ಮಾತ್ರೆ ಸೂಚಿಸುತ್ತದೆ. ಕಂದು, ಕಪ್ಪು ಚರ್ಮದವರು ವರ್ಷವಿಡೀ ತೆಗೆದುಕೊಳ್ಳುವುದನ್ನು ಯೋಚಿಸಬೇಕು ಎನ್ನುತ್ತದೆ. ಸೂಪರ್‌ಮಾರ್ಕೆಟ್ಟಿನಲ್ಲಿ ತಿಂಗಳಿಗೆ ಬೇಕಾದಷ್ಟು ಮಾತ್ರೆ ಸನ್‌ಬೆಡ್‌ನ ಕೆಲವು ನಿಮಿಷದ ಬೆಲೆಗೆ ಸಿಗುತ್ತದೆ.

ತೊನ್ನಿನ ಪ್ರಶ್ನೆ ಇನ್ನೂ ಮುಖ್ಯ. ಆಸ್ಪತ್ರೆಯಲ್ಲಿ ತೊನ್ನಿಗೆ, ಸೋರಿಯಾಸಿಸ್‌ಗೆ ಕೊಡುವುದು 311 ನ್ಯಾನೊಮೀಟರ್ ಸುತ್ತಲಿನ ಕಿರಿದಾದ ಯುವಿ-ಬಿ ಪಟ್ಟಿ. ಡೋಸನ್ನು ಸೆಕೆಂಡುಗಳಲ್ಲಿ ಅಳೆದು, ಪ್ರತಿ ಸಲ ಚರ್ಮ ನೋಡಿ ಏರಿಸುತ್ತಾರೆ. ಟ್ಯಾನಿಂಗ್ ಅಂಗಡಿಯ ಟ್ಯೂಬ್ ಅದಲ್ಲ. ಅಲ್ಲಿ ಹೋದರೆ ಸುತ್ತಲ ಚರ್ಮ ಇನ್ನೂ ಕಪ್ಪಾಗಿ ಬಿಳಿ ಮಚ್ಚೆ ಎದ್ದು ಕಾಣುತ್ತದೆ, ರಕ್ಷಣೆಯಿಲ್ಲದ ಮಚ್ಚೆಯೇ ಮೊದಲು ಸುಡುತ್ತದೆ.

ಕೌಂಟರಿನ ಕೆಳಗಿಂದ, ಇಲ್ಲವೇ ಇನ್‌ಸ್ಟಾಗ್ರಾಂನಲ್ಲಿ ಮಾರುವ ಮೂಗಿನ ಸ್ಪ್ರೇ ಬೇಡವೇ ಬೇಡ. ಅದರಲ್ಲಿರುವುದು ಮೆಲನೋಟಾನ್-2, ಅರಿಜೋನಾ ವಿಶ್ವವಿದ್ಯಾಲಯದ ಸಂಶೋಧನೆಯಿಂದ ಹುಟ್ಟಿದ ಹಾರ್ಮೋನಿನ ನಕಲು. ಟ್ಯಾನಿಂಗಿಗೆ ಎಲ್ಲೂ ಪರವಾನಗಿ ಇಲ್ಲ. ಓಕರಿಕೆ, ಮುಖ ಕೆಂಪೇರುವುದು ಸಾಮಾನ್ಯ. ಗಂಡಸರಲ್ಲಿ ಗಂಟೆಗಟ್ಟಲೆ ಇಳಿಯದ ನಿಮಿರು ಬಂದು ಆಸ್ಪತ್ರೆ ಸೇರಿದ್ದುಂಟು. ಮಚ್ಚೆಗಳು ಕಪ್ಪಾಗಿ ಆಕಾರ ಬದಲಿಸುವುದರಿಂದ ಅದು ಬರಿಯ ಮಚ್ಚೆಯೋ ಮೆಲನೋಮಾವೋ ಎಂದು ಗುರುತಿಸಲು ವೈದ್ಯರಿಗೂ ಕಷ್ಟವಾಗುತ್ತದೆ. ಟ್ಯಾನಿಂಗಿಗೆಂದು ಹಿಂದೆ ನುಂಗುತ್ತಿದ್ದ ಕ್ಯಾಂತಾಕ್ಸಾಂಥಿನ್ ಮಾತ್ರೆಗಳು ರೆಟಿನಾದಲ್ಲಿ ಹರಳು ಕಟ್ಟಿಸುತ್ತಿದ್ದವು.

ಬಣ್ಣ ಬೇಕೇ ಬೇಕೆಂದರೆ ಕೊಳ್ಳಬಹುದಾದ ಒಂದೇ ಸರಕು ಸೆಲ್ಫ್-ಟ್ಯಾನ್ ಲೋಷನ್. ಕೆಲಸ ಮಾಡುವುದು ಡಿಎಚ್‌ಎ ಎಂಬ ಸಕ್ಕರೆ. ಸತ್ತ ಮೇಲ್ಪದರದ ಅಮೈನೊ ಆಮ್ಲಗಳ ಜೊತೆ ಕೂಡಿ ಅದು ಕಂದಾಗುತ್ತದೆ. ತವದ ಮೇಲೆ ಚಪಾತಿಗೆ ಕಂದು ಚುಕ್ಕೆ ಬೀಳುವುದೂ ಇದೇ ಜಾತಿಯ ಕ್ರಿಯೆ. 1950ರ ದಶಕದಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಕಾಯಿಲೆಯ ಮಕ್ಕಳಿಗೆ ಡಿಎಚ್‌ಎ ಕುಡಿಸುತ್ತಿದ್ದಾಗ ಚೆಲ್ಲಿದ ಕಡೆ ಚರ್ಮ ಕಂದಾಗಿ ಬಟ್ಟೆ ಹಾಗೇ ಉಳಿದದ್ದನ್ನು ಸಂಶೋಧಕಿ ಈವಾ ವಿಟ್‌ಗೆನ್‌ಸ್ಟೈನ್ ಗಮನಿಸಿದ್ದರಿಂದ ಇದು ಗೊತ್ತಾಯಿತು. ಮನೆಬಳಕೆಯ ಲೋಷನ್ನಿನಲ್ಲಿ ಸಾಮಾನ್ಯವಾಗಿ 3ರಿಂದ 5 ಪರ್ಸೆಂಟ್. ಯುರೋಪಿನಲ್ಲಿ ಗರಿಷ್ಠ 10. ಮೊದಲ ಸಲ 3ರದನ್ನೇ ಕೊಳ್ಳಿ. ‘ಅಲ್ಟ್ರಾ ಡಾರ್ಕ್’ ಬಾಟಲಿ ಬಿಳಿ ಚರ್ಮದ ಮೇಲೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ.

ಹಚ್ಚುವ ಹಿಂದಿನ ದಿನ ಮೊಳಕೈ ಒಳಗೆ ತುಸು ಹಚ್ಚಿ ಅಲರ್ಜಿ ನೋಡಬೇಕು. ಅಂದೇ ಶೇವ್, ಅಂದೇ ಒರಟು ಬಟ್ಟೆಯಲ್ಲಿ ಮೈ ಉಜ್ಜುವುದು. ಹಚ್ಚುವ ದಿನ ಡಿಯೋಡರೆಂಟ್, ಸೆಂಟು ಬೇಡ. ಮೊಳಕೈ, ಮಂಡಿ, ಹಿಮ್ಮಡಿ, ಬೆರಳ ಗೆಣ್ಣುಗಳಲ್ಲಿ ಸತ್ತ ಪದರ ದಪ್ಪ, ಅಲ್ಲಿ ಬಣ್ಣ ಜಾಸ್ತಿ ಹಿಡಿಯುತ್ತದೆ. ಅದಕ್ಕೆ ಆ ಜಾಗಗಳಿಗೆ ಮಾತ್ರ ಮೊದಲು ಸಾದಾ ಮಾಯಿಶ್ಚರೈಸರ್ ಸವರಿಡಬೇಕು. ಆಮೇಲೆ ಕೈಗವಸು ಹಾಕಿ ಕಾಲಿನಿಂದ ಮೇಲಕ್ಕೆ, ಸುತ್ತು ಸುತ್ತಾಗಿ. ಕೈಗವಸಿಲ್ಲದೆ ಹಚ್ಚಿದರೆ ಅಂಗೈಯನ್ನು ತಕ್ಷಣ ಸೋಪಿನಲ್ಲಿ ತೊಳೆಯಬೇಕು, ಇಲ್ಲದಿದ್ದರೆ ವಾರವಿಡೀ ಕಂದು ಅಂಗೈ. ಹತ್ತು ಹದಿನೈದು ನಿಮಿಷ ಒಣಗಿಸಿ ಸಡಿಲ ಬಟ್ಟೆ, ಆರರಿಂದ ಎಂಟು ಗಂಟೆ ನೀರು ಸೋಕಿಸಬಾರದು. ಐದರಿಂದ ಏಳು ದಿನದಲ್ಲಿ ಚರ್ಮ ಉದುರಿದಂತೆ ಬಣ್ಣವೂ ಹೋಗುತ್ತದೆ. ಪಟ್ಟೆ ಬಿದ್ದರೆ ಬೇಬಿ ಆಯಿಲ್ ಹಚ್ಚಿ ಅರ್ಧ ಗಂಟೆ ಬಿಟ್ಟು ಬಿಸಿನೀರಲ್ಲಿ ಉಜ್ಜಿದರೆ ಬಹುಪಾಲು ತಿಳಿಯಾಗುತ್ತದೆ. ಇದಕ್ಕೆ ಬಿಸಿಲು ತಡೆಯುವ ಶಕ್ತಿ ಇಲ್ಲ; ಸನ್‌ಸ್ಕ್ರೀನ್ ಬೇರೆಯಾಗಿ ಬೇಕು, ಮೊದಲ 24 ಗಂಟೆ ಬಿಸಿಲಿಗೆ ಹೋಗದಿದ್ದರೆ ಒಳ್ಳೆಯದು.

ಅಂಗಡಿಯವರೇ ಮಾಡಿಕೊಡುವ ಸ್ಪ್ರೇ ಟ್ಯಾನ್‌ನಲ್ಲಿಯೂ ಇರುವುದು ಡಿಎಚ್‌ಎ. ಅದು ಉಸಿರಿನ ಜೊತೆ ಒಳಹೋಗಬಾರದು, ಕಣ್ಣು ತುಟಿಗೆ ತಾಗಬಾರದು. ಮೂಗಿಗೆ ಫಿಲ್ಟರ್, ಕಣ್ಣಿಗೆ ಕನ್ನಡಕ, ತುಟಿಗೆ ಮುಲಾಮು ಕೊಡದೆ ಸ್ಪ್ರೇ ಹೊಡೆಯಲು ಹೊರಟರೆ ಟವೆಲ್ ಸುತ್ತಿಕೊಂಡು ಹೊರಬನ್ನಿ. ಮನೆಬಳಕೆಯ ಲೋಷನ್ ಬಾಟಲಿಯನ್ನು ತಂಪು ಜಾಗದಲ್ಲಿಡಿ. ತೆರೆದು ಬಹಳ ದಿನವಾಗಿ ಲೋಷನ್ ಹಸಿರು ಛಾಯೆಗೆ ತಿರುಗಿದ್ದರೆ ಹಚ್ಚದೆ ಎಸೆಯುವುದು.